ಜೇಡದ ಹೊಟ್ಟೆಯೊಳಗೆ ಯಾರಿದ್ದಾರೆ? ಕಾಡು ಜೇಡಗಳ ಬ್ಯಾಕ್ಟೀರಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೇಡಗಳ ವಿಷಯ ಎತ್ತಿದರೆ ಸಾಕು, ಜನ ಮೊದಲು ವಿಷದ ಬಗ್ಗೆ ಕೇಳುತ್ತಾರೆ, ಆಮೇಲೆ ಬಲೆಯ ಬಗ್ಗೆ. ಈಚೆಗೆ ಮಾತ್ರ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ನಮ್ಮ ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಎಲ್ಲ ಕಡೆ ಓದಿ, ಜೇಡಕ್ಕೂ ಅದೇ ಲೆಕ್ಕ ಅಂದುಕೊಂಡು ಬರುವವರೇ ಹೆಚ್ಚು. ಆ ಲೆಕ್ಕ ಇಲ್ಲಿ ಸರಿಹೋಗಲ್ಲ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಜೇಡಕ್ಕೂ ನಮ್ಮ ಹಾಗೆ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇರುತ್ತಾ?

ಇರುತ್ತೆ. ಆದರೆ ಅವುಗಳಲ್ಲಿ ಎರಡು ಗುಂಪು. ಒಂದು, ತಿಂದ ಹುಳದ ಜೊತೆ ಒಳಗೆ ಬಂದು, ಸ್ವಲ್ಪ ಹೊತ್ತು ಇದ್ದು ಹೊರಟುಹೋಗುವವು. ಇನ್ನೊಂದು, ಜೇಡದ ಜೀವಕೋಶಗಳ ಒಳಗೇ ಮನೆ ಮಾಡಿಕೊಂಡು, ತಾಯಿಯ ಮೊಟ್ಟೆಯ ಮೂಲಕ ಮರಿಗೆ ದಾಟುವವು. ಎರಡನೆಯ ಗುಂಪು ಬರೀ ಕರುಳಿನಲ್ಲಿ ಇರಲ್ಲ. ಅಂಡಾಶಯ, ಕಾಲು, ನೂಲಿನ ಗ್ರಂಥಿ, ಎಲ್ಲಿ ಬೇಕಾದರೂ ಇರಬಹುದು. ಜೇಡದ ವಿಷಯದಲ್ಲಿ ನಿಜವಾಗಿ ದೊಡ್ಡ ಪರಿಣಾಮ ಬೀರುವುದು ಈ ಎರಡನೆಯವು. "ಕರುಳಿನ ಬ್ಯಾಕ್ಟೀರಿಯಾ" ಅಂತ ಕೇಳುತ್ತಾ ಬಂದವರಿಗೆ ನಾನು ಮೊದಲು ಹೇಳುವುದೂ ಇದನ್ನೇ: ಕರುಳಿನಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ.

ಜೇಡ ಹುಳವನ್ನ ಅಗಿಯುತ್ತಾ, ನುಂಗುತ್ತಾ? ಅದಕ್ಕೂ ಬ್ಯಾಕ್ಟೀರಿಯಾಕ್ಕೂ ಏನು ಸಂಬಂಧ?

ತುಂಬಾ ಸಂಬಂಧ ಇದೆ. ತೋಟದಲ್ಲಿ ದೊಡ್ಡ ಬಲೆ ಕಟ್ಟುವ ಜೇಡ ಒಂದು ಮಿಡತೆ ಹಿಡಿದಾಗ ಹತ್ತಿರ ಹೋಗಿ ನೋಡಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು. ಮೊದಲು ನೂಲು ಸುತ್ತುತ್ತೆ, ಕಚ್ಚುತ್ತೆ. ಆಮೇಲೆ ಬಾಯಿಯ ಹತ್ತಿರ ಒಂದು ಸಣ್ಣ ಹನಿ ಮೂಡುತ್ತೆ, ಮಾಯವಾಗುತ್ತೆ, ಮತ್ತೆ ಮೂಡುತ್ತೆ. ಅದು ಜೀರ್ಣರಸ. ಹೊಟ್ಟೆಯಿಂದ ಕಕ್ಕಿ ಹುಳದ ಮೇಲೆ ಬಿಡುತ್ತೆ, ಹುಳದ ಮಾಂಸ ಕರಗಿ ನೀರಾಗುತ್ತೆ, ಆ ನೀರನ್ನು ಹೀರಿಕೊಳ್ಳುತ್ತೆ. ಹೀಗೆ ಬಹಳ ಹೊತ್ತು ನಡೆಯುತ್ತೆ. ಕೊನೆಗೆ ಉಳಿಯುವುದು ಒಣಗಿದ ಸಿಪ್ಪೆಯ ಒಂದು ಉಂಡೆ.

ಅಂದರೆ ಜೇಡದ ಜೀರ್ಣಕ್ರಿಯೆಯ ಬಹುಭಾಗ ದೇಹದ ಹೊರಗೇ ಮುಗಿಯುತ್ತೆ. ಬಾಯಿಯ ಸುತ್ತ ಇರುವ ಕೂದಲು ಮತ್ತು ಗಂಟಲಿನ ತೆಳು ತಟ್ಟೆ ಸೇರಿ ಒಂದು ಸೋಸುವ ಏರ್ಪಾಡು ಇದೆ, ಸುಮಾರು 1 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದೊಡ್ಡ ಚೂರುಗಳನ್ನು ಅದು ತಡೆಯುತ್ತೆ. ಬ್ಯಾಕ್ಟೀರಿಯಾಗಳ ಗಾತ್ರವೂ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಕೆಲವು ಬಾಗಿಲಲ್ಲೇ ನಿಲ್ಲುತ್ತವೆ, ಕೆಲವು ನುಸುಳುತ್ತವೆ. ಅದರ ಮೇಲೆ ಜೀರ್ಣರಸದ ಕಿಣ್ವಗಳ ಹೊಡೆತ ಬೇರೆ. ಹೊರಗಿನ ಬ್ಯಾಕ್ಟೀರಿಯಾ ಬಂದು ನೆಲೆಯೂರಲು ಇದು ಸುಲಭದ ಜಾಗ ಅಲ್ಲ.

ದನದ ಹೊಟ್ಟೆಯಲ್ಲಿ ಹುಲ್ಲು ಕರಗಿಸೋದು ಬ್ಯಾಕ್ಟೀರಿಯಾ ಅಂತಾರೆ. ಜೇಡಕ್ಕೂ ಹಾಗೇನಾ?

ಇಲ್ಲ. ದನಕ್ಕೆ ಹುಲ್ಲಿನ ನಾರು ಒಡೆಯುವ ಶಕ್ತಿ ಸ್ವಂತಕ್ಕೆ ಇಲ್ಲ, ಅದಕ್ಕೆ ಬ್ಯಾಕ್ಟೀರಿಯಾ ಬೇಕೇ ಬೇಕು. ಗಿಡದ ರಸ ಹೀರುವ ಹೇನುಗಳಿಗೂ ಅಷ್ಟೇ. ಆ ರಸದಲ್ಲಿ ಸಕ್ಕರೆ ಇದೆ, ಬೇಕಾದ ಅಮೈನೋ ಆಮ್ಲಗಳಿಲ್ಲ. ಅವನ್ನು ಬುಕ್ನೇರಾ ಅನ್ನುವ ಬ್ಯಾಕ್ಟೀರಿಯಾ ಹೇನಿನ ಮೈಯೊಳಗೆ ಕೂತು ತಯಾರಿಸಿ ಕೊಡುತ್ತೆ. ಜೇಡ ತಿನ್ನುವುದು ಇನ್ನೊಂದು ಪ್ರಾಣಿಯನ್ನು. ಅದರಲ್ಲಿ ಪ್ರೋಟೀನು, ಕೊಬ್ಬು ಎಲ್ಲ ಇದೆ. ಕರಗಿಸಲು ಬೇಕಾದ ಕಿಣ್ವಗಳೂ ಜೇಡದ ಹತ್ತಿರವೇ ಇವೆ.

ಹಾಗಾದರೆ ಜೇಡದ ಹೊಟ್ಟೆಯಲ್ಲಿ ಸಿಗೋ ಬ್ಯಾಕ್ಟೀರಿಯಾ ಜೇಡದ್ದಾ, ಅದು ತಿಂದ ನೊಣದ್ದಾ?

ಕ್ಯಾಲಿಫೋರ್ನಿಯಾದ ಒಂದು ತಂಡ ಸರಿಯಾಗಿ ಇದೇ ಪ್ರಶ್ನೆ ಹಿಡಿದು 2020ರಲ್ಲಿ ಉತ್ತರ ಕೊಟ್ಟಿತು. ಅವರು ನೋಡಿದ್ದು ಬಡುಮ್ನಾ ಲಾಂಗಿಂಕ್ವಾ ಅನ್ನುವ ಬೂದು ಬಣ್ಣದ ಮನೆ ಜೇಡ. ಮೂಲ ಆಸ್ಟ್ರೇಲಿಯಾ, ಈಗ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೀಡುಬಿಟ್ಟಿದೆ. ಅದರ ಕರುಳಿನ ಬ್ಯಾಕ್ಟೀರಿಯಾ ಗುಂಪು ಒಂದು ಜೇಡದಿಂದ ಇನ್ನೊಂದಕ್ಕೆ ಬೇರೆಬೇರೆ ಇತ್ತು, ತಿಂದ ಬೇಟೆಗೆ ತಕ್ಕಂತೆ ಬದಲಾಗುತ್ತಿತ್ತು. ಖಾಯಂ ಆಗಿ ನೆಲೆಸಿದ ಗುಂಪು ಅಂತ ಹೇಳುವಂಥದ್ದು ಕಾಣಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತ ಜನರನ್ನು ಎಣಿಸಿ ಇದೇ ಈ ಊರಿನ ಜನಸಂಖ್ಯೆ ಅಂದರೆ ಹೇಗೋ, ಒಂದೇ ಸಲ ಕರುಳು ನೋಡಿ ಇದೇ ಈ ಜೇಡದ ಬ್ಯಾಕ್ಟೀರಿಯಾ ಅನ್ನುವುದೂ ಹಾಗೇ.

ಎಲ್ಲ ಜೇಡಗಳೂ ಹೀಗೇ ಅಂತ ಇದರಿಂದ ತೀರ್ಮಾನ ಮಾಡಬೇಡಿ. ಹೆಸರಿಟ್ಟ ಜೇಡ ಪ್ರಭೇದಗಳ ಸಂಖ್ಯೆ 2022ರಲ್ಲೇ 50,000 ದಾಟಿತು. ಕರುಳು ಬಗೆದು ನೋಡಿರುವುದು ಅದರಲ್ಲಿ ಬೆರಳೆಣಿಕೆಯಷ್ಟನ್ನು.

ಜೇಡ ಮೈಮೇಲೆ ಹರಿದರೆ, ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತಲ್ಲ, ಅದು ಅದರ ಬ್ಯಾಕ್ಟೀರಿಯಾದಿಂದಾನಾ?

ನಮ್ಮ ಕಡೆಯಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಜೇಡಕ್ಕೆ ನಮ್ಮ ಹಾಗೆ ನೀರಾದ ಉಚ್ಚೆ ಇಲ್ಲ. ಅದರ ತ್ಯಾಜ್ಯ ಹೆಚ್ಚಾಗಿ ಗ್ವಾನೀನ್ ಅನ್ನುವ ಬಿಳಿ ವಸ್ತು. ಗೋಡೆಯ ಮೇಲೆ ಸುಣ್ಣದ ಚುಕ್ಕಿಯ ಹಾಗೆ ಬೀಳುತ್ತೆ. ಅದರಿಂದ ಚರ್ಮ ಸುಡಲ್ಲ.

ಆ ಗುಳ್ಳೆಗಳಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ ಇರುತ್ತೆ. ಮೈಯ ಒಂದೇ ಪಕ್ಕಕ್ಕೆ ಪಟ್ಟಿಯ ಹಾಗೆ ಗುಳ್ಳೆ ಎದ್ದು ಉರಿ, ನೋವು ಇದ್ದರೆ ಅದು ಸರ್ಪಸುತ್ತು ಇರಬಹುದು. ಅದು ವೈರಸ್, ಬೇಗ ವೈದ್ಯರ ಹತ್ತಿರ ಹೋಗಬೇಕು. ಬೆಳಿಗ್ಗೆ ಎದ್ದಾಗ ಕುತ್ತಿಗೆ ಅಥವಾ ಕೈಮೇಲೆ ಗೀರು ಎಳೆದ ಹಾಗೆ ಸುಟ್ಟಿದ್ದರೆ ಪೀಡೆರಸ್ ಅನ್ನುವ ಜೀರುಂಡೆ ಇರಬಹುದು. ಕಿತ್ತಳೆ ಕಪ್ಪು ಪಟ್ಟೆಯ, ಒಂದು ಸೆಂಟಿಮೀಟರಿಗೂ ಕಡಿಮೆ ಉದ್ದದ ಸಣ್ಣ ಹುಳ. ಮಳೆಗಾಲದಲ್ಲಿ ಗದ್ದೆ ಕಡೆಯಿಂದ ಟ್ಯೂಬ್‌ಲೈಟಿಗೆ ಬರುತ್ತೆ. ಕೆಲವರು ಆಸಿಡ್ ಹುಳ ಅಂತಾರೆ. ಅದು ಕಚ್ಚಲ್ಲ. ನಾವು ನಿದ್ದೆಯಲ್ಲಿ ಅದನ್ನು ಉಜ್ಜಿದಾಗ ಅದರ ಮೈಯ ಪೆಡೆರಿನ್ ಅನ್ನುವ ವಿಷ ಚರ್ಮಕ್ಕೆ ತಾಗುತ್ತೆ.

ಈ ಪೆಡೆರಿನ್ ಕಥೆ ನಮ್ಮ ವಿಷಯಕ್ಕೇ ಬಂದು ಸೇರುತ್ತೆ. ಅದನ್ನು ತಯಾರಿಸುವುದು ಜೀರುಂಡೆ ಅಲ್ಲ, ಜೀರುಂಡೆಯ ಒಳಗಿರುವ ಸೂಡೋಮೊನಾಸ್ ಜಾತಿಯ ಬ್ಯಾಕ್ಟೀರಿಯಾ. ಇದಕ್ಕೆ ಜೀನ್ ಮಟ್ಟದ ಸಾಕ್ಷಿ ಸಿಕ್ಕಿದ್ದು 2002ರಲ್ಲಿ. ತಾಯಿ ಜೀರುಂಡೆ ಆ ವಿಷವನ್ನು ಮೊಟ್ಟೆಗಳಿಗೂ ತುಂಬಿಸುತ್ತೆ. ಯಾಕೆ ಅಂದರೆ, ಆ ವಿಷ ಇರುವ ಮರಿಹುಳಗಳನ್ನು ತೋಳ ಜೇಡಗಳು ಬಾಯಿಗಿಟ್ಟು ಬಿಟ್ಟುಬಿಡುತ್ತವೆ. ಜೇಡದಿಂದ ತಪ್ಪಿಸಿಕೊಳ್ಳಲು ಒಂದು ಜೀರುಂಡೆ ಬ್ಯಾಕ್ಟೀರಿಯಾದಿಂದ ಪಡೆದ ಅಸ್ತ್ರ ಅದು, ಅದರಿಂದ ನಮಗೆ ಗುಳ್ಳೆ ಎದ್ದಾಗ ದೂರು ಮಾತ್ರ ಜೇಡದ ಮೇಲೆ.

ಆ ಹುಳ ಮೈಮೇಲೆ ಕಂಡರೆ ಹೊಸಕಬೇಡಿ. ಊದಿ ಹಾರಿಸಿ, ಸೋಪು ಹಾಕಿ ತೊಳೆಯಿರಿ.

ಗಾಯಕ್ಕೆ ಜೇಡರ ಬಲೆ ಹಚ್ಚಿದರೆ ಕೀವಾಗಲ್ಲ ಅಂತ ಅಜ್ಜಿ ಹೇಳ್ತಿದ್ರು. ಬಲೆ ಬ್ಯಾಕ್ಟೀರಿಯಾ ಕೊಲ್ಲುತ್ತಾ?

ಕೊಲ್ಲಲ್ಲ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದವರು ಏಳು ಪ್ರಭೇದಗಳ ನೂಲು ತೆಗೆದುಕೊಂಡು ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯಾ ಬೆಳವಣಿಗೆ ತಡೆಯುವ ಗುಣ ಯಾವುದರಲ್ಲೂ ಕಾಣಲಿಲ್ಲ. ಹಳೆಯ ಕೆಲವು ಪ್ರಯೋಗಗಳಲ್ಲಿ ಆ ಗುಣ ಕಂಡಿದ್ದಕ್ಕೆ ನೂಲಿಗೆ ಬಳಸಿದ ರಾಸಾಯನಿಕ ಅಥವಾ ಪ್ರಯೋಗದ ವಿಧಾನದ ದೋಷ ಕಾರಣ ಇರಬಹುದು ಅಂತ ತೋರಿಸಿದರು.

ಹಾಗಾದರೆ ಬಲೆ ಯಾಕೆ ಬೇಗ ಕೊಳೆಯಲ್ಲ? ಅದಕ್ಕೆ 2019ರ ಒಂದು ಅಧ್ಯಯನ ಚೆನ್ನಾದ ಉತ್ತರ ಕೊಡುತ್ತೆ. ನೂಲಿನಲ್ಲಿ ಸಾರಜನಕ ಬೇಕಾದಷ್ಟಿದೆ, ಆದರೆ ಬ್ಯಾಕ್ಟೀರಿಯಾ ಕೈಗೆ ಎಟುಕದ ಹಾಗೆ ಕಟ್ಟಿಕೊಂಡಿದೆ. ಹೊರಗಿನಿಂದ ಸಾರಜನಕ ಕೊಟ್ಟರೆ ಅದೇ ನೂಲಿನ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತೆ. ಬಲೆ ವಿಷ ಹಾಕಿ ಕೊಲ್ಲುವುದಿಲ್ಲ, ಸುಮ್ನೆ ಉಪವಾಸ ಕೆಡವುತ್ತೆ.

ಅಜ್ಜಿಯ ಕಾಲದಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿ ರಕ್ತ ನಿಲ್ಲಿಸುತ್ತಿದ್ದರು, ಅದು ಬೇರೆ ಮಾತು. ಈಗ ಹಚ್ಚಬೇಡಿ. ಅಟ್ಟದ ಬಲೆಯಲ್ಲಿ ಧೂಳು, ಹುಳದ ಚೂರು, ಮಣ್ಣಿನ ಬ್ಯಾಕ್ಟೀರಿಯಾ ಎಲ್ಲ ಇರುತ್ತೆ. ಧನುರ್ವಾಯುವಿನ ಬೀಜಾಣುಗಳು ಇರುವುದೇ ಮಣ್ಣು, ಧೂಳಿನಲ್ಲಿ.

ಜೇಡ ಕಚ್ಚಿದ ಜಾಗ ಕೊಳೆಯೋದು ಅದರ ಬಾಯಿಯ ಬ್ಯಾಕ್ಟೀರಿಯಾದಿಂದಾನಾ?

ಮೊದಲು, ಕೊಳೆಯುವುದೇ ಅಪರೂಪ. ಆಸ್ಟ್ರೇಲಿಯಾದಲ್ಲಿ, ಕಚ್ಚಿದ ಜೇಡವನ್ನೇ ಹಿಡಿದು ತಂದು ತಜ್ಞರಿಂದ ಗುರುತು ಮಾಡಿಸಿದ 750 ಕಡಿತಗಳನ್ನು ವೈದ್ಯರು ಹಿಂಬಾಲಿಸಿ ನೋಡಿದರು. 2002ರಲ್ಲಿ ಬಂದ ಆ ವರದಿಯಲ್ಲಿ ಕೊಳೆತು ಹುಣ್ಣಾದದ್ದು ಒಂದೂ ಇರಲಿಲ್ಲ. "ಜೇಡ ಕಚ್ಚಿರಬೇಕು" ಅಂತ ಊಹೆ ಮಾಡಿದ ಗಾಯಗಳಲ್ಲಿ ಎಷ್ಟೋ ಬೇರೆ ಸೋಂಕುಗಳು. ನಿಜವಾಗಿ ಅಂಗಾಂಶ ಕೊಳೆಸುವ ವಿಷ ಲೊಕ್ಸೋಸೆಲಿಸ್ ಥರದ ಕೆಲವೇ ಜೇಡಗಳಲ್ಲಿದೆ.

ವಿಷದ ಗ್ರಂಥಿಯಲ್ಲಿ ಬ್ಯಾಕ್ಟೀರಿಯಾವೇ ಇರಲ್ಲ ಅಂತ ಹಿಂದೆ ಅಂದುಕೊಂಡಿದ್ದರು, ಅದು ಮಾತ್ರ ತಪ್ಪು. 2022ರಲ್ಲಿ ಹಾವು ಮತ್ತು ಜೇಡಗಳ ವಿಷ ನೋಡಿದ ಅಧ್ಯಯನದಲ್ಲಿ ಬದುಕಿರುವ ಬ್ಯಾಕ್ಟೀರಿಯಾ ಸಿಕ್ಕವು. ಅದರಲ್ಲಿ ಒಂದು ಜೇಡ ಪೊಯಿಸಿಲೋಥೀರಿಯಾ ರೆಗಾಲಿಸ್, ನಮ್ಮ ಪಶ್ಚಿಮಘಟ್ಟದ ಮರದ ಪೊಟರೆಗಳಲ್ಲಿ ಇರುವ ದೊಡ್ಡ ರೋಮದ ಜೇಡ. ಕಚ್ಚಿದ ಜಾಗವನ್ನು ಸೋಪಿನಿಂದ ತೊಳೆಯಿರಿ. ಊತ ಹರಡಿದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ.

## ಮೈಯೊಳಗೆ ಮನೆ ಮಾಡಿದವು

ವೊಲ್ಬಾಕಿಯಾ ಅನ್ನೋ ಹೆಸರು ಡೆಂಗಿ ಸುದ್ದಿಯಲ್ಲಿ ಕೇಳಿದ್ದೆ. ಅದೇನಾ ಜೇಡದಲ್ಲೂ ಇರೋದು?

ಅದೇ ಕುಲ, ತಳಿ ಬೇರೆ. ಜೀವಕೋಶಗಳ ಒಳಗೆ ಬದುಕುವ ಬ್ಯಾಕ್ಟೀರಿಯಾ ಇದು. ವೊಲ್ಬಾಕಿಯಾವನ್ನು ಮೊದಲು ಕಂಡದ್ದು 1924ರಲ್ಲಿ, ಅಮೆರಿಕದಲ್ಲಿ, ಸೊಳ್ಳೆಯೊಳಗೆ. ಈಗ ಅಂದಾಜಿನ ಪ್ರಕಾರ ಕೀಟ ಮತ್ತು ಅವುಗಳ ಬಂಧುಗಳಲ್ಲಿ ಸುಮಾರು ಅರ್ಧದಷ್ಟು ಪ್ರಭೇದಗಳಲ್ಲಿ ಇದು ಇದೆ. ಸೊಳ್ಳೆಯಲ್ಲಿ ಡೆಂಗಿ ವೈರಸ್ ಬೆಳೆಯದ ಹಾಗೆ ಇದು ತಡೆಯುತ್ತೆ. ಪುದುಚೇರಿಯ ಐಸಿಎಂಆರ್ ಸಂಸ್ಥೆ ವೊಲ್ಬಾಕಿಯಾ ಇರುವ ಈಡಿಸ್ ಸೊಳ್ಳೆ ತಳಿಗಳನ್ನು ಬೆಳೆಸಿದ್ದು ಅದಕ್ಕೇ.

ಜೇಡಗಳಲ್ಲಿ ವೊಲ್ಬಾಕಿಯಾ ಒಂದೇ ಅಲ್ಲ. ರಿಕೆಟ್ಸಿಯಾ, ಕಾರ್ಡಿನಿಯಂ, ಸ್ಪೈರೋಪ್ಲಾಸ್ಮಾ, ರಿಕೆಟ್ಸಿಯೆಲ್ಲಾ ಇವೂ ಆಗಾಗ ಸಿಗುತ್ತವೆ. ಇವು ಜೇಡದಿಂದ ಮನುಷ್ಯರಿಗೆ ಹರಡುತ್ತವಾ ಅಂತ ಗಾಬರಿಯಾಗಬೇಡಿ. ಇವುಗಳ ದಾರಿ ತಾಯಿ ಜೇಡದಿಂದ ಮೊಟ್ಟೆಗೆ.

ಬ್ಯಾಕ್ಟೀರಿಯಾ ಗಂಡು ಮರಿಗಳನ್ನ ಕೊಲ್ಲುತ್ತೆ ಅಂತ ಓದಿದೆ. ಅದಕ್ಕೇನು ಲಾಭ?

ಲಾಭ ಇದೆ. ಈ ಬ್ಯಾಕ್ಟೀರಿಯಾ ಮುಂದಿನ ತಲೆಮಾರಿಗೆ ಹೋಗುವುದು ಮೊಟ್ಟೆಯ ಮೂಲಕ ಮಾತ್ರ. ವೀರ್ಯಾಣುವಿನಲ್ಲಿ ಅದಕ್ಕೆ ಜಾಗ ಇಲ್ಲ. ಹಾಗಾಗಿ ಗಂಡು ಮರಿಯೊಳಗೆ ಸೇರಿದ ಬ್ಯಾಕ್ಟೀರಿಯಾಕ್ಕೆ ಮುಂದೆ ದಾರಿಯೇ ಇಲ್ಲ. ಗಂಡು ಮರಿ ಮೊಟ್ಟೆಯಲ್ಲೇ ಸತ್ತರೆ ಅದರ ಅಕ್ಕತಂಗಿಯರಿಗೆ ಪೈಪೋಟಿ ಕಡಿಮೆ, ಅವರೊಳಗೆ ಇರುವ ಅದೇ ಬ್ಯಾಕ್ಟೀರಿಯಾಕ್ಕೆ ಒಳ್ಳೆಯದು.

ಜೇಡದಲ್ಲಿ ಇದು ಗಟ್ಟಿಯಾಗಿ ತೋರಿಬಂದದ್ದು 2011ರಲ್ಲಿ, ಬೆಲ್ಜಿಯಂನ ಸಂಶೋಧಕರು ಈಡೊಥೋರಾಕ್ಸ್ ಗಿಬೋಸಸ್ ಅನ್ನುವ ಜೌಗು ನೆಲದ ಸಣ್ಣ ಜೇಡವನ್ನು ಸಾಕಿ ನೋಡಿದಾಗ. ವೊಲ್ಬಾಕಿಯಾ ಇರುವ ತಾಯಂದಿರಿಗೆ ಹೆಣ್ಣು ಮರಿಗಳೇ ಜಾಸ್ತಿ, ಒಟ್ಟು ಮರಿಗಳು ಕಡಿಮೆ. ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ತೆಗೆದಾಗ ಗಂಡು ಹೆಣ್ಣು ಸಮವಾದವು. ಆ "ಒಟ್ಟು ಮರಿ ಕಡಿಮೆ" ಅನ್ನುವುದನ್ನು ಗಮನಿಸಿ. ಗಂಡು ಸತ್ತಿದೆ ಅನ್ನುವುದಕ್ಕೆ ಸುಳಿವೇ ಅದು.

ಗಂಡನ್ನ ಹೆಣ್ಣಾಗಿ ಮಾಡೋ ಬ್ಯಾಕ್ಟೀರಿಯಾನೂ ಇದೆಯಂತೆ?

ಇದೆ. ಅಮೆರಿಕದ ಕೆಂಟಕಿಯ ಹೊಲಗಳಲ್ಲಿ ಸಿಗುವ ಮರ್ಮೆಸಸ್ ಫ್ರೇಡಿಯೋರಮ್ ಅನ್ನುವ ಜೇಡವನ್ನು ನೋಡಿ. ಉದ್ದ ಎರಡು ಮಿಲಿಮೀಟರ್ ಆಸುಪಾಸು. ಅದರ ಮೈಯೊಳಗೆ ಐದು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೆ ಇರಬಹುದು, ಅದರಲ್ಲಿ ಮೂರು ವೊಲ್ಬಾಕಿಯಾ ತಳಿಗಳೇ. ಕೆಲವು ತಾಯಂದಿರಿಗೆ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು ಮರಿ, ಆದರೆ ಮರಿಗಳ ಸಂಖ್ಯೆ ಕಡಿಮೆಯಾಗಿಲ್ಲ. ಅಂದರೆ ಗಂಡುಗಳು ಸಾಯಲಿಲ್ಲ, ಗಂಡಾಗಬೇಕಿದ್ದ ಮೊಟ್ಟೆಗಳು ಹೆಣ್ಣಾಗಿ ಬೆಳೆದವು.

ಅದೇ ಜೇಡದಲ್ಲಿ ಇನ್ನೊಂದು ತಂತ್ರವೂ ನಡೆಯುತ್ತೆ. ಸೋಂಕಿರುವ ಗಂಡು ಸೋಂಕಿಲ್ಲದ ಹೆಣ್ಣಿನ ಜೊತೆ ಕೂಡಿದರೆ ಮೊಟ್ಟೆಗಳು ಸಾಯುತ್ತವೆ. ಸೋಂಕಿರುವ ಹೆಣ್ಣಿಗೆ ಮಾತ್ರ ಯಾವ ಗಂಡಿನ ಜೊತೆಗೂ ತೊಂದರೆ ಇಲ್ಲ. ಹೀಗೆ ಸೋಂಕಿಲ್ಲದವರ ಸಂತಾನ ಕಡಿಮೆಯಾಗುತ್ತಾ ಸೋಂಕು ಹರಡುತ್ತೆ. ಬೇರೆ ಪ್ರಾಣಿಗಳಲ್ಲಿ ಈ ಕೆಲಸಕ್ಕೆ ವೊಲ್ಬಾಕಿಯಾ ಹೆಸರುವಾಸಿ. ಈ ಜೇಡದಲ್ಲಿ ಮಾಡುತ್ತಿರುವುದು ರಿಕೆಟ್ಸಿಯೆಲ್ಲಾ ಅಂತ 2020ರಲ್ಲಿ ಗೊತ್ತಾಯಿತು. ಎರಡು ಮಿಲಿಮೀಟರಿನ ಒಂದು ಜೀವದೊಳಗೆ ಇಷ್ಟೆಲ್ಲ ನಡೆಯುತ್ತೆ ಅಂದರೆ ನನಗೆ ಇವತ್ತಿಗೂ ಬೆರಗು.

ಬ್ಯಾಕ್ಟೀರಿಯಾ ಜೇಡದ ನಡವಳಿಕೆ ಬದಲಿಸುತ್ತಾ?

ಒಂದು ಒಳ್ಳೆಯ ಉದಾಹರಣೆ ಇದೆ. ಸಣ್ಣ ಜೇಡಗಳು ಹುಲ್ಲಿನ ತುದಿಗೆ ಹತ್ತಿ, ಕಾಲೂರಿ ನಿಂತು, ಹಿಂಭಾಗ ಮೇಲೆತ್ತಿ ನೂಲು ಗಾಳಿಗೆ ಬಿಟ್ಟು ಹಾರಿಹೋಗುತ್ತವೆ. ಎರಿಗೋನ್ ಅಟ್ರಾ ಅನ್ನುವ ಯುರೋಪಿನ ಹೊಲದ ಜೇಡದಲ್ಲಿ, ರಿಕೆಟ್ಸಿಯಾ ಇರುವ ಹೆಣ್ಣುಗಳು ಹೀಗೆ ದೂರ ಹಾರುವುದು ಕಡಿಮೆ ಅಂತ 2009ರಲ್ಲಿ ತೋರಿಸಿದರು. ಹೊಲದ ಕೀಟಗಳನ್ನು ತಿನ್ನುವ ಜೇಡ ಯಾವ ಹೊಲ ಸೇರುತ್ತೆ ಅನ್ನುವುದರಲ್ಲಿ ಅದರೊಳಗಿನ ಬ್ಯಾಕ್ಟೀರಿಯಾಕ್ಕೂ ಪಾತ್ರ ಇದೆ ಅಂತಾಯಿತು.

ಯಾರಿಗೂ ಗೊತ್ತಿಲ್ಲದ ಹೊಸ ಬ್ಯಾಕ್ಟೀರಿಯಾ ಜೇಡದಲ್ಲಿ ಸಿಕ್ಕಿದ್ದು ನಿಜಾನಾ?

ನಿಜ. ಆರ್ಜಿಯೋಪಿ ಬ್ರೂನಿಕಿ ಅನ್ನುವುದು ಹಳದಿ ಕಪ್ಪು ಪಟ್ಟೆಯ ಜೇಡ. ನಮ್ಮ ಬೇಲಿ, ತೋಟಗಳಲ್ಲಿ ಬಲೆಯ ಮಧ್ಯೆ ಅಂಕುಡೊಂಕು ಬಿಳಿ ಗೀಟು ಹಾಕಿ ಕೂರುವ ಸಹಿ ಜೇಡ ಇದೆಯಲ್ವಾ, ಅದೇ ಕುಲ. ಈ ಯುರೋಪಿನ ಜೇಡ ಕೆಲವು ದಶಕಗಳಿಂದ ಉತ್ತರದ ಚಳಿ ಜಾಗಗಳಿಗೆ ಹರಡುತ್ತಿದೆ. ಅದಕ್ಕೆ ಬ್ಯಾಕ್ಟೀರಿಯಾ ಏನಾದರೂ ಕಾರಣವಾ ಅಂತ ಜರ್ಮನಿಯ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದ ತಂಡ ಜರ್ಮನಿ, ಎಸ್ಟೋನಿಯಾ ಎರಡೂ ಕಡೆಯ ಜೇಡಗಳನ್ನು ತಂದು ಕರುಳು, ಕಾಲು, ರಕ್ತ, ಅಂಡಾಶಯ, ನೂಲಿನ ಗ್ರಂಥಿ, ಹಿಕ್ಕೆ, ಮರಿಗಳು ಎಲ್ಲವನ್ನೂ ಬೇರೆಬೇರೆ ನೋಡಿತು.

ಸಿಕ್ಕಿದ್ದೇನು? ಎಲ್ಲ ಅಂಗಗಳಲ್ಲೂ ಒಂದೇ ಬ್ಯಾಕ್ಟೀರಿಯಾ ತುಂಬಿತ್ತು, ಮತ್ತು ಅದರ ಡಿಎನ್‌ಎ ಆಗ ಗೊತ್ತಿದ್ದ ಯಾವ ಬ್ಯಾಕ್ಟೀರಿಯಾಕ್ಕೂ 85 ಶೇಕಡದಷ್ಟೂ ಹೊಂದಲಿಲ್ಲ. ಅವರು ಅದಕ್ಕೆ ಡೂಸಾ ಅಂತ ತಾತ್ಕಾಲಿಕ ಹೆಸರಿಟ್ಟರು. ಮರಿಗಳಲ್ಲೂ ಇದ್ದದ್ದರಿಂದ ತಾಯಿಯಿಂದ ಬಂದಿರಬೇಕು. ನಮ್ಮ ಸಹಿ ಜೇಡಗಳಲ್ಲೂ ಇದರ ಬಂಧು ಇದೆಯಾ ಅಂತ ನೋಡುವುದು ಒಂದು ಚೆಂದದ ಕೆಲಸ. ಜೇಡ ಹುಡುಕಲು ದೂರ ಹೋಗಬೇಕಿಲ್ಲ.

ಬಳ್ಳಾರಿ ಜಾಲಿ ಮೇಲೆ ಗುಂಪಾಗಿ ಗೂಡು ಕಟ್ಟೋ ಜೇಡಗಳು ಬ್ಯಾಕ್ಟೀರಿಯಾನೂ ಹಂಚಿಕೊಳ್ಳುತ್ತವಾ?

ಬಯಲುಸೀಮೆಯಲ್ಲಿ ಮುಳ್ಳು ಬೇಲಿಗಳ ಮೇಲೆ ಕೊಳಕು ಹತ್ತಿಯ ಉಂಡೆಯಂತೆ ಕಾಣುವ ಆ ಗೂಡು ಸ್ಟೆಗೋಡೈಫಸ್ ಸರಸಿನೋರಮ್ ಅನ್ನುವ ಸಂಘಜೀವಿ ಜೇಡದ್ದು. ಒಣ ಎಲೆ, ಹುಳದ ಸಿಪ್ಪೆ ಎಲ್ಲ ನೂಲಿಗೆ ಸಿಕ್ಕಿಕೊಂಡಿರುತ್ತೆ. ಬಲೆಗೆ ದೊಡ್ಡ ಮಿಡತೆ ಬಿದ್ದರೆ ಗೂಡಿನ ತೂತುಗಳಿಂದ ಒಂದರ ಹಿಂದೆ ಒಂದು ಜೇಡ ಓಡಿಬಂದು, ಕಾಲಿಗೊಂದು ರೆಕ್ಕೆಗೊಂದು ಕಚ್ಚಿ ಹಿಡಿದು, ಎಲ್ಲವೂ ಸೇರಿ ಒಂದೇ ಬೇಟೆಯ ಮೇಲೆ ಜೀರ್ಣರಸ ಬಿಟ್ಟು ಒಟ್ಟಿಗೆ ಹೀರುತ್ತವೆ. ಊಟವೇ ಹೀಗಿದ್ದ ಮೇಲೆ ಬ್ಯಾಕ್ಟೀರಿಯಾ ಹಂಚಿಕೆಯಾಗದೆ ಇರುತ್ತಾ?

ಇದರ ಆಫ್ರಿಕಾದ ಬಂಧು ಸ್ಟೆಗೋಡೈಫಸ್ ಡುಮಿಕೋಲಾದಲ್ಲಿ ಆರ್ಹಸ್ ತಂಡ ಬಹಳ ಅಚ್ಚುಕಟ್ಟಾದ ಪ್ರಯೋಗ ಮಾಡಿ 2023ರಲ್ಲಿ ಪ್ರಕಟಿಸಿತು. ಮೊದಲ ಸಂಗತಿ, ಮರಿಗಳು ಮೊಟ್ಟೆಯೊಡೆದು ಬಂದಾಗ ಅವುಗಳಲ್ಲಿ ದೊಡ್ಡ ಜೇಡಗಳೊಳಗಿನ ಬ್ಯಾಕ್ಟೀರಿಯಾ ಇರಲೇ ಇಲ್ಲ. ತಾಯಿ ತನ್ನ ಹೊಟ್ಟೆಯ ರಸ ಕಕ್ಕಿ ಮರಿಗಳ ಬಾಯಿಗೆ ಕೊಡಲು ಶುರು ಮಾಡಿದ ಮೇಲೆ ಬಂದವು. ಎರಡನೆಯದು, ಒಂದು ಗೂಡಿನ ಮರಿಗಳನ್ನು ಇನ್ನೊಂದು ಗೂಡಿನ ಸಾಕುತಾಯಿಗೆ ಕೊಟ್ಟಾಗ ಮರಿಗಳಿಗೆ ಸಾಕುತಾಯಿಯ ಬ್ಯಾಕ್ಟೀರಿಯಾ ಬಂತು, ಹೆತ್ತವಳದ್ದಲ್ಲ. ಮೂರನೆಯದು, ಬೇರೆಬೇರೆ ಗೂಡಿನ ದೊಡ್ಡ ಜೇಡಗಳನ್ನು ಒಟ್ಟಿಗೆ ಬಿಟ್ಟಾಗ ಕೊನೆಗೆ ಎಲ್ಲದರದ್ದೂ ಒಂದೇ ಥರ ಆಯಿತು.

ಈ ಜೇಡಗಳಲ್ಲಿ ಹೆಚ್ಚಿನ ಹೆಣ್ಣುಗಳು ಮೊಟ್ಟೆಯನ್ನೇ ಇಡಲ್ಲ, ಅಕ್ಕತಂಗಿಯರ ಮರಿಗಳನ್ನು ಸಾಕುತ್ತವೆ, ಕೊನೆಗೆ ಮರಿಗಳು ಅವನ್ನೇ ತಿಂದು ಮುಗಿಸುತ್ತವೆ. ಮೊಟ್ಟೆಯ ದಾರಿಯೊಂದನ್ನೇ ನಂಬಿದ ಬ್ಯಾಕ್ಟೀರಿಯಾ ಇಂಥ ಹೆಣ್ಣಿನೊಳಗೆ ಸಿಕ್ಕಿಬಿದ್ದರೆ ಮುಗಿಯಿತು. ತುತ್ತಿನ ದಾರಿ ಇದ್ದರೆ ಮಾತ್ರ ಪಾರು. ಒಂಟಿಯಾಗಿ ಬದುಕುವ ಜೇಡದ ಕರುಳಿಗೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಇಲ್ಲಿ ನಿಜಕ್ಕೂ ಸ್ಥಿರವಾದ, ತಲೆಮಾರು ದಾಟುವ ಗುಂಪು ಇದೆ.

ಆ ಗೂಡುಗಳಲ್ಲಿ ಹೆಣ್ಣೇ ಜಾಸ್ತಿ ಅಂತೆ. ಅದೂ ಬ್ಯಾಕ್ಟೀರಿಯಾ ಕೆಲಸವೇ ಇರಬೇಕಲ್ಲ?

ಹಾಗೆ ಅನುಮಾನ ಬರುವುದು ಸಹಜ. 2018ರಲ್ಲಿ ಸಂಘಜೀವಿ ಸ್ಟೆಗೋಡೈಫಸ್ ಗಂಡುಗಳ ವೀರ್ಯಾಣುಗಳನ್ನು ಎಣಿಸಿ ನೋಡಿದಾಗ ಸುಮಾರು 70 ಶೇಕಡ ಹೆಣ್ಣು ಮರಿ ಕೊಡುವಂಥವೇ ಆಗಿದ್ದವು. ಲಿಂಗಾನುಪಾತ ಕೆಡಿಸುವ ಐದು ಹೆಸರಾಂತ ಬ್ಯಾಕ್ಟೀರಿಯಾ ಕುಲಗಳನ್ನು ಹುಡುಕಿದರೆ ಬಹುಮಟ್ಟಿಗೆ ಇರಲೇ ಇಲ್ಲ. ಇದು ಜೇಡದ ಅಪ್ಪನ ಕಡೆಯಿಂದಲೇ ಬಂದ ಏರ್ಪಾಡು.

## ಒಳಹೊಕ್ಕು ನೋಡುವವರಿಗೆ

ಯಾವ ಬ್ಯಾಕ್ಟೀರಿಯಾ ಇದೆ ಅಂತ ಹೇಗೆ ಕಂಡುಹಿಡೀತಾರೆ? ಬೆಳೆಸಿ ನೋಡ್ತಾರಾ?

ಬೆಳೆಸಿ ನೋಡಿದರೆ ಬಹಳಷ್ಟು ಕೈತಪ್ಪುತ್ತವೆ. ಜೀವಕೋಶದೊಳಗೆ ಬದುಕುವವು ತಟ್ಟೆಯಲ್ಲಿ ಬೆಳೆಯಲ್ಲ. ಆದ್ದರಿಂದ ಡಿಎನ್‌ಎ ತೆಗೆದು, ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ 16ಎಸ್ ಅನ್ನುವ ಜೀನಿನ ತುಂಡನ್ನು ಓದುತ್ತಾರೆ. ಆ ತುಂಡಿನ ವ್ಯತ್ಯಾಸದಿಂದ ಯಾವ ಕುಲ ಅಂತ ಗೊತ್ತಾಗುತ್ತೆ.

ಕಷ್ಟ ಇರುವುದು ಅದಕ್ಕೂ ಮೊದಲು. ಜೇಡದ ಕರುಳು ಒಂದು ನೇರ ಕೊಳವೆ ಅಲ್ಲ. ಕವಲೊಡೆದು ಹೊಟ್ಟೆಯ ತುಂಬ ಹರಡಿರುತ್ತೆ, ಮುಂಭಾಗಕ್ಕೂ ಚಾಚಿ ಕೆಲವು ಜೇಡಗಳಲ್ಲಿ ಕಾಲಿನ ಬುಡದವರೆಗೆ ಹೋಗಿರುತ್ತೆ. ನೂಲಿನ ಗ್ರಂಥಿ, ಅಂಡಾಶಯ ಎಲ್ಲ ಅದರ ಮಧ್ಯೆ ಹುದುಗಿವೆ. ಸೂಕ್ಷ್ಮದರ್ಶಕದ ಕೆಳಗೆ ಸೂಜಿ ಹಿಡಿದು ಬಿಡಿಸುವಾಗ ಮೆತ್ತಗಿನ ಕರುಳು ಒಡೆದು ಎಲ್ಲ ಬೆರೆಯುವುದು ಮಾಮೂಲು. "ಕರುಳಿನ ಅಧ್ಯಯನ" ಅಂತ ಹೆಸರಿದ್ದರೂ ಇಡೀ ಹೊಟ್ಟೆಯನ್ನೇ ಅರೆದಿದ್ದಾರಾ ಅಂತ ವಿಧಾನದ ಭಾಗದಲ್ಲಿ ಓದಿಕೊಳ್ಳಿ.

ವರದಿಯಲ್ಲಿ ಒಂದು ಬ್ಯಾಕ್ಟೀರಿಯಾ ಹೆಸರಿದ್ದರೆ ಅದು ಜೇಡದ ಒಡನಾಡಿ ಅಂತ ನಂಬಬಹುದಾ?

ತಕ್ಷಣ ನಂಬಬೇಡಿ. ಜೇಡ ತಿಂದ ನೊಣದಲ್ಲಿ ವೊಲ್ಬಾಕಿಯಾ ಇದ್ದರೆ ಜೇಡದ ಡಿಎನ್‌ಎಯಲ್ಲೂ ಅದು ಕಾಣುತ್ತೆ. ಡಿಎನ್‌ಎ ತೆಗೆಯುವ ಕಿಟ್‌ಗಳಲ್ಲೇ ಸ್ವಲ್ಪ ಬ್ಯಾಕ್ಟೀರಿಯಾ ಡಿಎನ್‌ಎ ಇರುತ್ತೆ, ಸಣ್ಣ ಜೇಡದಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇದ್ದಾಗ ಕಿಟ್‌ನದ್ದೇ ಮೇಲುಗೈ ಆಗಿಬಿಡಬಹುದು. ನಾನು ನೋಡುವುದು ಇಷ್ಟು: ಜೇಡ ಇಲ್ಲದ ಖಾಲಿ ಮಾದರಿಯನ್ನೂ ಓದಿಸಿದ್ದಾರಾ, ಜೇಡವನ್ನು ಕೆಲವು ದಿನ ಉಪವಾಸ ಇಟ್ಟಿದ್ದಾರಾ, ಕಾಲಿನಂಥ ಕರುಳಿನಿಂದ ದೂರದ ಭಾಗದಲ್ಲಿ ಅಥವಾ ಮೊಟ್ಟೆಯಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿದೆಯಾ. ಬ್ಯಾಕ್ಟೀರಿಯಾಕ್ಕೆ ಹೊಳೆಯುವ ಗುರುತು ಅಂಟಿಸಿ ಜೀವಕೋಶದೊಳಗೆ ಫೋಟೋ ತೆಗೆದು ತೋರಿಸಿದ್ದರೆ ಇನ್ನೂ ಗಟ್ಟಿ.

ಆಂಟಿಬಯಾಟಿಕ್ ಕೊಟ್ಟರೆ ಜೇಡ ಸಾಯುತ್ತಾ?

ಪ್ರಯೋಗಗಳಲ್ಲಿ ಬ್ಯಾಕ್ಟೀರಿಯಾ ಕಳೆದುಕೊಂಡ ಜೇಡಗಳು ಬದುಕಿವೆ, ಮರಿಯೂ ಮಾಡಿವೆ. ಅವುಗಳ ವಂಶವನ್ನೇ ಮುಂದುವರಿಸಿ ಹೋಲಿಸಿ ನೋಡುತ್ತಾರೆ. ಔಷಧಿಯ ಪರಿಣಾಮ ಜೇಡದ ಮೇಲೂ ಆಗುವುದರಿಂದ, ಕೊಟ್ಟ ತಲೆಮಾರಿನಲ್ಲೇ ಅಳೆದರೆ ಮೋಸ ಹೋಗುವ ಸಾಧ್ಯತೆ ಇದೆ. ಒಂದೆರಡು ತಲೆಮಾರು ಬಿಟ್ಟು ಅಳೆಯಬೇಕು.

ಜೇಡದ ವಿಷದ ಜೀನು ವೈರಸ್‌ನಲ್ಲಿ ಸಿಕ್ಕಿದೆಯಂತೆ. ಅದೇನು ಕಥೆ?

ವೊಲ್ಬಾಕಿಯಾದೊಳಗೂ ಒಂದು ವೈರಸ್ ಇದೆ, ಹೆಸರು ಡಬ್ಲ್ಯುಓ. ಜೇಡದೊಳಗೆ ಬ್ಯಾಕ್ಟೀರಿಯಾ, ಬ್ಯಾಕ್ಟೀರಿಯಾದೊಳಗೆ ವೈರಸ್. 2016ರಲ್ಲಿ ಆ ವೈರಸ್ಸಿನ ಜೀನುಗಳನ್ನು ಪೂರ್ತಿ ಓದಿದಾಗ, ಬ್ಲ್ಯಾಕ್ ವಿಡೋ ಜೇಡದ ಲ್ಯಾಟ್ರೊಟಾಕ್ಸಿನ್ ಅನ್ನುವ ವಿಷದ ಜೀನಿಗೆ ಹೋಲುವ ಭಾಗ ಸಿಕ್ಕಿತು. ಬ್ಯಾಕ್ಟೀರಿಯಾವನ್ನು ಸೋಂಕುವ ವೈರಸ್ಸಿಗೆ ಪ್ರಾಣಿಯ ಜೀನು ಯಾಕೆ? ಈ ವೈರಸ್ ಹೊರಬರಬೇಕಾದರೆ ಬ್ಯಾಕ್ಟೀರಿಯಾದ ಪೊರೆಯ ಜೊತೆ ಅದರ ಸುತ್ತಲಿನ ಪ್ರಾಣಿ ಜೀವಕೋಶದ ಪೊರೆಯನ್ನೂ ದಾಟಬೇಕು. ಲ್ಯಾಟ್ರೊಟಾಕ್ಸಿನ್ ಮಾಡುವ ಕೆಲಸವೇ ಪೊರೆಗೆ ತೂತು ಕೊರೆಯುವುದು. ಅದಕ್ಕೇ ಬಳಸುತ್ತಿರಬಹುದು ಅನ್ನುವುದು ಸಂಶೋಧಕರ ಊಹೆ.

ಭಾರತದಲ್ಲಿ ಯಾರಾದರೂ ಮಾಡಿದ್ದಾರಾ? ನಾನು ಎಂಎಸ್ಸಿ ಓದ್ತಿದ್ದೀನಿ, ಎಲ್ಲಿಂದ ಶುರು ಮಾಡಲಿ?

ಕೋಲ್ಕತ್ತಾದ ಜೂಲಾಜಿಕಲ್ ಸರ್ವೆ ಆಫ್ ಇಂಡಿಯಾದ ತಂಡ ಕಾಡಿನಲ್ಲಿ ಹಿಡಿದ ಹಲವು ಪ್ರಭೇದಗಳ ಜೇಡಗಳ ಕರುಳಿನ ಬ್ಯಾಕ್ಟೀರಿಯಾವನ್ನು ಹೋಲಿಸಿ 2021ರಲ್ಲಿ ಪ್ರಕಟಿಸಿದೆ. ಮೊದಲು ಅದನ್ನು ಓದಿ. ಪ್ರಭೇದದಿಂದ ಪ್ರಭೇದಕ್ಕೆ ಏನು ಬದಲಾಗುತ್ತೆ ಅನ್ನುವುದರ ಒಂದು ಚಿತ್ರ ಸಿಗುತ್ತೆ.

ಆಮೇಲೆ ಒಂದೇ ಪ್ರಭೇದ ಹಿಡಿದುಕೊಳ್ಳಿ, ಹತ್ತು ಬೇಡ. ನಿಮ್ಮ ಕಾಲೇಜಿನ ಕಾಂಪೌಂಡಿನಲ್ಲೇ ಸಿಗುವ ಸಹಿ ಜೇಡ ಅಥವಾ ಜಿಗಿಯುವ ಜೇಡ ಸಾಕು. ಮೊದಲು ಬರೀ ಪಿಸಿಆರ್ (ಬೇಕಾದ ಡಿಎನ್‌ಎ ತುಂಡನ್ನು ಹಲವು ಪಟ್ಟು ನಕಲು ಮಾಡಿ ಪತ್ತೆ ಹಚ್ಚುವ ಪರೀಕ್ಷೆ) ಮಾಡಿ ವೊಲ್ಬಾಕಿಯಾ ಇದೆಯಾ ಇಲ್ಲವಾ ನೋಡಿ. ಕಾಲಿನಿಂದ ಡಿಎನ್‌ಎ ತೆಗೆದರೆ ಬೇಟೆಯ ಗೊಂದಲ ಕಡಿಮೆ. ಖರ್ಚೂ ಕಡಿಮೆ. ಮಳೆಗಾಲದಲ್ಲಿ ಮೊಟ್ಟೆ ಚೀಲ ಸಿಕ್ಕರೆ ಮರಿ ಹೊರಬಂದ ಮೇಲೆ ಕೆಲವನ್ನು ಸಾಕಿ ದೊಡ್ಡದು ಮಾಡಿ ಗಂಡು ಹೆಣ್ಣು ಎಣಿಸಿ. ಗಂಡು ತೀರಾ ಕಡಿಮೆ ಬಂದ ಚೀಲ ಸಿಕ್ಕರೆ ಆ ತಾಯಿಯನ್ನು ಮತ್ತು ಆ ಮರಿಗಳನ್ನು ತೊಂಬತ್ತೈದು ಶೇಕಡಕ್ಕಿಂತ ಬಲವಾದ ಎಥನಾಲ್‌ನಲ್ಲಿ ಹಾಕಿ, ಸೀಸೆಯ ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಇಡಿ. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತೆ.

ಕಾಯ್ದಿಟ್ಟ ಕಾಡಿನಲ್ಲಿ ಹಿಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಪೊಯಿಸಿಲೋಥೀರಿಯಾ ಕುಲವನ್ನಂತೂ ಮುಟ್ಟಲು ಹೋಗಬೇಡಿ. ಸಾಕುವವರಿಗೆ ಹಿಡಿದು ಮಾರುವುದರಿಂದ ಅವುಗಳಿಗೆ ಅಪಾಯ ಬಂದು 2019ರಲ್ಲಿ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಪಟ್ಟಿಗೆ ಸೇರಿಸಿದ್ದಾರೆ.